ಕುದುರೆಗೆ 'ಡಿವರ್ಮಿಂಗ್': ಬ್ಯಾನರಿಗೆ ಪದ ಬೇಕು, ಇವತ್ತು ರಾತ್ರಿಯೊಳಗೆ

ಮೈಸೂರಿನ ಟಾಂಗಾ ಕುದುರೆಗಳಿಗೆ ಭಾನುವಾರ ಉಚಿತ ಶಿಬಿರ ಇದೆ. ಬ್ಯಾನರ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. 'ಡಿವರ್ಮಿಂಗ್'ಗೆ 'ಜಂತುನಾಶಕ ನೀಡಿಕೆ' ಅಂತ ಬರೆದೆ, ನನಗೇ ಹಿಡಿಸಲಿಲ್ಲ. ಇನ್ನೊಂದು 'ಫೀಕಲ್ ಎಗ್ ಕೌಂಟ್'. ಅಂದರೆ ಒಂದು ಗ್ರಾಂ ಸಗಣಿಯಲ್ಲಿ ಎಷ್ಟು ಹುಳುಮೊಟ್ಟೆ ಇವೆ ಅಂತ ಎಣಿಸುವುದು. ಜಾಸ್ತಿ ಇದ್ದ ಕುದುರೆಗೆ ಮಾತ್ರ ಹುಳು ಕೊಲ್ಲುವ ಐವರ್ಮೆಕ್ಟಿನ್ ಪೇಸ್ಟ್, ಅದೂ ತೂಕ ನೋಡಿ. ಎಲ್ಲಕ್ಕೂ ಸುಮ್ನೆ ಕೊಡುತ್ತಾ ಹೋದರೆ ಹುಳುಗಳು ಆಮೇಲೆ ಆ ಔಷಧಿಗೆ ಬಗ್ಗುವುದಿಲ್ಲ. ಈ ಎಣಿಕೆಗೆ ಏನನ್ನೋಣ?

> ಮೊದಲು 'ಸಗಣಿ' ತೆಗೆಯಿರಿ. ದನದ್ದು ಸಗಣಿ, ಆಡು ಕುರಿಯದ್ದು ಹಿಕ್ಕೆ, ಆನೆ ಕುದುರೆಯದ್ದು ಲದ್ದಿ. ದಸರಾ ಊರಿನಲ್ಲಿ ಕೂತು ಇಷ್ಟೂ ಗೊತ್ತಿಲ್ಲವಾ? 'ಲದ್ದಿ ಪರೀಕ್ಷೆ' ಸಾಕು. ಇನ್ನು ಜಂತು. ಸಂಸ್ಕೃತದಲ್ಲಿ ಹುಟ್ಟಿದ್ದೆಲ್ಲ ಜಂತುವೇ, ಕುದುರೆಯೂ. ನಿಮ್ಮ ಜಂತುನಾಶಕ ಮೊದಲು ಕುದುರೆಯನ್ನೇ ಮುಗಿಸುತ್ತದೆ. 'ಹುಳುಮದ್ದು' ಅನ್ನಿ, ಅಚ್ಚಗನ್ನಡ.

>> ಮದ್ದು ಮಂಗಳೂರಿನ ಕಡೆ ಸರಿ. ನಮ್ಮ ಮಂಡ್ಯದಲ್ಲಿ 'ಮದ್ದು ಹಾಕಿದರು' ಅಂದರೆ ಊಟದಲ್ಲಿ ಏನೋ ಬೆರೆಸಿ ಕೊಟ್ಟರು ಅಂತ. ಬ್ಯಾನರ್ ಓದಿದ ಟಾಂಗಾದವನು ಕುದುರೆ ಸಮೇತ ಓಡುತ್ತಾನೆ. 'ಜಂತುಹುಳು' ಅಂಗನವಾಡಿ ಮಕ್ಕಳಿಗೂ ಗೊತ್ತು. ಪದದ ಧಾತು ನೋಡಿಕೊಂಡು ಯಾರೂ ಮಾತ್ರೆ ನುಂಗುವುದಿಲ್ಲ.

> 'ಜಂತುಹುಳು' ಹೊಟ್ಟೆಯಲ್ಲಿ ಕೊನೆವರೆಗೂ ಹುಳುವಾಗಿಯೇ ಇರುವುದಕ್ಕೆ ಸರಿ. ಕುದುರೆಯ ಮುಂಗಾಲಿನ ಕೂದಲಿಗೆ ಹಳದಿ ಮೊಟ್ಟೆ ಅಂಟಿರುತ್ತದಲ್ಲ, ಅದನ್ನು ಇಡುವುದು ನೊಣ. ಕುದುರೆ ಕಾಲು ನೆಕ್ಕಿದಾಗ ಮರಿ ಬಾಯಿಗೆ ಸೇರಿ, ಆಮೇಲೆ ಜಠರದ ಗೋಡೆ ಕಚ್ಚಿಕೊಳ್ಳುತ್ತದೆ. ಅದು ಜಂತುಹುಳು ಅಲ್ಲ, ಆದರೆ ಕನ್ನಡದಲ್ಲಿ ಹುಳುವೇ. ಐವರ್ಮೆಕ್ಟಿನ್ ಎರಡನ್ನೂ ಕೊಲ್ಲುತ್ತದೆ. ಬರೀ 'ಹುಳು' ಎರಡನ್ನೂ ಹಿಡಿಯುತ್ತದೆ. 'ಜಂತು' ಅನ್ನುವ ಹೊರಗಿನ ಪದ ಯಾಕೆ?

>> ಹೊರಗಿನದ್ದು ಬೇಡವಾದರೆ ಲಗಾಮು, ಜೀನು, ಸವಾರ ಎಲ್ಲಾ ಬಿಚ್ಚಿಡಿ. ಮೂರೂ ಪಾರ್ಸಿಯಿಂದ ಬಂದವು. ಆಮೇಲೆ ಕುದುರೆ ಹತ್ತಿ ತೋರಿಸಿ.

> ಕಡಿವಾಣ ಇದೆ.

>> ಜೀನಿಗೆ?

> ಗೋಣಿಚೀಲ.

ಸಾಕು ಮಾರಾಯರೇ. ಅಚ್ಚಿಗೆ ಕಳಿಸಿಬಿಟ್ಟೆ: 'ಕುದುರೆಗೆ ಹುಳುವಿನ ಔಷಧಿ. ಬರುವಾಗ ಬೆಳಗಿನ ಲದ್ದಿ ಒಂದು ಹಿಡಿ ತನ್ನಿ.' ಲದ್ದಿ ಹೇಳಿಕೊಟ್ಟವರಿಗೆ ಥ್ಯಾಂಕ್ಸ್. ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜನಿಗೆ ಓದಿ ಹೇಳಿದೆ, ಎಷ್ಟು ಗಂಟೆಗೆ ಅಂತ ಮಾತ್ರ ಕೇಳಿದರು.

> 'ಔಷಧಿ' ತಪ್ಪು, 'ಔಷಧ' ಆಗಬೇಕು. ಓಷಧಿ ಅಂದರೆ ಗಿಡ.