ಅಪ್‌ಡೇಟ್: ಸೆರೆಬ್ರಲ್ ಪಾಲ್ಸಿ ಜೊತೆ ಸೀಲಿಯಾಕ್, ಜೋಳ ಕೊಟ್ಟರೂ ಭೇದಿ ಏಕೆ?

ಕಲಬುರಗಿಯಿಂದ ಕೇಳಿದ್ದೆ: ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವುದು), ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಕರುಳಿಗೆ ಹಾನಿ ಮಾಡುವ ಕಾಯಿಲೆ) ಎರಡೂ ಇರುವ ಮಗುವಿಗೆ ಗೋಧಿ ಬಿಡಿಸಿ ಬರೀ ಜೋಳ ಕೊಟ್ಟರೂ ಭೇದಿ ನಿಲ್ಲುತ್ತಿಲ್ಲ, ಏಕೆ ಅಂತ. ತಪ್ಪು ಜೋಳದ್ದಲ್ಲ, ಗಿರಣಿಯದು. ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಗೋಧಿಹಿಟ್ಟು ಬೆರೆಯುತ್ತದೆ. ಈಗ ಜೋಳ ಆರಿಸಿ, ತೊಳೆದು, ಒಣಗಿಸಿ ಮನೆಯ ಮಿಕ್ಸಿಯಲ್ಲೇ ನುಚ್ಚು. ಇನ್ನೊಂದು ಕಳ್ಳ ಇಂಗು. ಡಬ್ಬಿಯ ಹಿಂದೆ ಓದಿ, ಎಷ್ಟೋ ಸಲ ಗೋಧಿಹಿಟ್ಟೋ ಮೈದಾನೋ ಇರುತ್ತದೆ.

ನುಂಗಲು ಕಷ್ಟವಿದ್ದರೆ ಖಡಕ್ ರೊಟ್ಟಿ ಬೇಡವೇ ಬೇಡ, ಪುಡಿಯಾಗಿ ಗಂಟಲಿಗೆ ಸಿಕ್ಕುತ್ತದೆ. ನುಚ್ಚನ್ನು ಮೆತ್ತಗೆ ಬೇಯಿಸಿ ಬೇಳೆಕಟ್ಟಿನಲ್ಲಿ ನುಣ್ಣಗೆ ಕಿವುಚಿ. ಚಮಚ ಓರೆ ಮಾಡಿದರೆ ಜಾರಬೇಕು, ಸುರಿಯಬಾರದು. ನೆಟ್ಟಗೆ ಕೂರಿಸಿ ಉಣಿಸಿ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್‌ನ ಕೆಲವು ಮಾತ್ರೆಗಳಲ್ಲೂ ಗೋಧಿ ಪಿಷ್ಟವಿರುತ್ತದೆ. ಹಾಗಂತ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬ್ರ್ಯಾಂಡ್ ಬದಲಿಸುವುದು ಡಾಕ್ಟರ ಕೆಲಸ.