‘ಬ್ರಾಡ್ ಕಾಲರ್’ ಒಡವೆಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹೋದ ತಿಂಗಳು ಅಮ್ಮನನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಹಳೇ ಈಜಿಪ್ಟಿನ ಒಡವೆಗಳನ್ನು ಒಂದೊಂದಾಗಿ ತೋರಿಸಿ ಕನ್ನಡದಲ್ಲೇ ಹೇಳುತ್ತಾ ಬಂದೆ. ವಾಹ್ ಎಂಬವನ ಕೊರಳ ಒಡವೆ ಬಂದಾಗ ತಡವರಿಸಿದೆ. ಇಂಗ್ಲಿಷಿನಲ್ಲಿ ಅದು ‘ಬ್ರಾಡ್ ಕಾಲರ್’.

ಈ ವಾಹ್ ಸುಮಾರು 4,000 ವರ್ಷಗಳ ಹಿಂದೆ ದೊಡ್ಡ ಅಧಿಕಾರಿಯೊಬ್ಬನ ಆಸ್ತಿಪಾಸ್ತಿಯ ಉಸ್ತುವಾರಿ ನೋಡುತ್ತಿದ್ದವನು. 1920ರಲ್ಲಿ ಇದೇ ಮ್ಯೂಸಿಯಮ್ಮಿನವರು ಈಜಿಪ್ಟಿನ ಥೀಬ್ಸ್‌ನಲ್ಲಿ ಅಗೆಯುವಾಗ ಅವನ ಸಮಾಧಿ ಸಿಕ್ಕಿತು. ಒಡವೆ ಚಿನ್ನದ್ದಲ್ಲ. ನೀಲಿ-ಹಸಿರು ಹೊಳಪಿನ ಕೊಳವೆ ಮಣಿಗಳನ್ನು ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿ, ಸಾಲಿನ ಕೆಳಗೆ ಸಾಲು ಕಟ್ಟಿದ್ದಾರೆ. ಅಂಚಿಗೆ ಹನಿಯಂಥ ಮಣಿಗಳು. ಎರಡೂ ತುದಿಗೆ ಅರ್ಧಚಂದ್ರದ ಬಿಲ್ಲೆ. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯಲ್ಲ.

ಇದನ್ನು ಸರ ಅನ್ನಲು ಮನಸ್ಸು ಒಪ್ಪಲಿಲ್ಲ. ಸರ ಜೋಲುತ್ತದೆ. ಇದು ಎದೆ, ಹೆಗಲ ಮೇಲೆ ಹರಡಿ ಕೂರುತ್ತದೆ. ಐದೆಳೆ ಸರದಲ್ಲೂ ಎಳೆಗಳು ಬಿಡಿಬಿಡಿಯಾಗಿಯೇ ಇರುತ್ತವೆ. ‘ಅಡ್ಡಿಕೆ ಥರ ಇದೆ ಅಲ್ವಾ’ ಅಂದರು ಅಮ್ಮ. ಆದರೆ ಅಡ್ಡಿಕೆ ಕೊರಳಿಗೆ ಒತ್ತಿಕೊಂಡಿರುತ್ತದೆ, ಇಷ್ಟು ಅಗಲ ಇರುವುದಿಲ್ಲ. ‘ಕೊರಳಪಟ್ಟಿ’ ಅಂದರೆ ಅಂಗಿಯೇ ಕಣ್ಣ ಮುಂದೆ ಬರುತ್ತದೆ.

ಈಜಿಪ್ಟಿನವರ ಹೆಸರು ‘ವೆಸೆಖ್’. ಅಗಲವಾದದ್ದು ಅಂತಲೇ ಅದರ ಅರ್ಥ. ಹಾಗಾಗಿ ನನಗೆ ‘ಹರವುಕಂಠಿ’ ಹೊಳೆಯಿತು. ಕಂಠಿ ನಮ್ಮಲ್ಲಿ ಬಳಕೆಯಲ್ಲಿದೆ, ಹರವು ಅದರ ಆಕಾರ ಹೇಳುತ್ತದೆ. ಕಿವಿಗೆ ಹಿತವಾಗಿದೆಯಾ, ಹೇಳಿ.

ಅಲ್ಲಿ ಇಂಗ್ಲೆಂಡಿನ ಸಿರಿವಂತ ಲಾರ್ಡ್ ಕಾರ್ನಾರ್ವನ್ ಕೂಡಿಟ್ಟಿದ್ದ ವಸ್ತುಗಳೂ ಇವೆ, ಮ್ಯೂಸಿಯಂ 1926ರಲ್ಲಿ ಕೊಂಡದ್ದು. ‘ಸಂಗ್ರಾಹಕ’ ಅಂದಾಗ ಅಮ್ಮ ತೆರಿಗೆ ವಸೂಲಿಯವನು ಅಂದುಕೊಂಡರು. ‘ಹಳೇ ವಸ್ತು ಕೂಡಿಡುವವನು’ ಅಂದೆ, ತಕ್ಷಣ ತಿಳಿಯಿತು. ನನ್ನ ಮಟ್ಟಿಗೆ ಅಷ್ಟೇ ಸಾಕು.

ಇನ್ನೊಂದು ಪದ ಮಾತ್ರ ಬೇಕೇ ಬೇಕು. ಭಾರದ ವೆಸೆಖ್ ಮುಂದಕ್ಕೆ ಜಾರದಂತೆ ಬೆನ್ನ ಮೇಲೆ ಒಂದು ತೂಕದ ತುಂಡು ಇಳಿಬಿಡುತ್ತಿದ್ದರು. ನಮ್ಮ ಸರಗಳ ಹಿಂದೆ ದಾರದ ಕುಚ್ಚು ಇರುತ್ತದೆ, ಆದರೆ ಅದರ ಕೆಲಸ ಬೇರೆ. ‘ಬೆನ್ನುತೂಕ’ ಅನ್ನಬಹುದಾ? ನಿಮ್ಮೂರಲ್ಲಿ ಸರ ಪೋಣಿಸಿಕೊಡುವ ಪಟವೇಗಾರರು ಇದ್ದರೆ ದಯವಿಟ್ಟು ಒಮ್ಮೆ ಕೇಳಿ ನೋಡಿ. ಎಳೆಗಳೆಲ್ಲ ಬಂದು ಸೇರುವ ಆ ತುದಿಬಿಲ್ಲೆಗೂ ಅವರ ಬಾಯಲ್ಲಿ ಹೆಸರಿದ್ದೀತು.