ನೈನ್ ಸಿಂಗ್ ರಾವತ್ ದಿನಚರಿ: ಹೆಜ್ಜೆ 31.5 ಇಂಚೋ, 33 ಇಂಚೋ?

ನಕ್ಷೆಹುಚ್ಚು:
ಬ್ರಿಟಿಷ್ ಸರ್ವೇ ಇಲಾಖೆಗಾಗಿ ವೇಷ ಮರೆಸಿಕೊಂಡು, ಹೆಜ್ಜೆ ಎಣಿಸುತ್ತಾ ಟಿಬೆಟ್ ಅಳೆದ ನೈನ್ ಸಿಂಗ್ 1865–66ರಲ್ಲಿ ಕಠ್ಮಂಡುವಿನಿಂದ ಲ್ಹಾಸಾಕ್ಕೆ, ಅಲ್ಲಿಂದ ಮಾನಸ ಸರೋವರದ ಕಡೆಗೆ ನಡೆದ ದಾರಿಯ ಲೆಕ್ಕ ತಾಳೆಯಾಗುತ್ತಿಲ್ಲ. ಹೆಜ್ಜೆಯ ಉದ್ದ ಒಂದು ಕಡೆ 31.5 ಇಂಚು, ಇನ್ನೊಂದು ಕಡೆ 33. ಒಟ್ಟು 25 ಲಕ್ಷ ಹೆಜ್ಜೆ, 1,200 ಮೈಲಿ ಅಂತ ಎಲ್ಲರೂ ಬರೆಯುತ್ತಾರೆ. 33 ಇಂಚಿನಲ್ಲಿ ಗುಣಿಸಿದರೆ 1,302 ಮೈಲಿ ಬರುತ್ತೆ. ನೂರು ಮೈಲಿ ಎಲ್ಲಿ ಹೋಯಿತು? ಲ್ಹಾಸಾದ ಎತ್ತರವೂ ಈಗಿನ ಅಳತೆಗಿಂತ ಸುಮಾರು 300 ಅಡಿ ಕಮ್ಮಿ. ಅಕ್ಷಾಂಶ ಮಾತ್ರ ಕರಾರುವಾಕ್ಕು. ಅದು ಹೇಗೆ?

ಅಡಿಗೆರೆ:
ಹೆಜ್ಜೆ ಎಣಿಸಲು ಅವರ ಕೈಯಲ್ಲಿದ್ದ ಜಪಮಾಲೆಯಿಂದ ಶುರು ಮಾಡಿ. ರೂಢಿಯ 108 ಮಣಿಯ ಬದಲು ಅದರಲ್ಲಿ 100 ಮಣಿ. ನೂರು ಹೆಜ್ಜೆಗೊಂದು ಮಣಿ ಸರಿಸಬೇಕು. ಪ್ರತಿ ಹತ್ತನೆಯ ಮಣಿ ದಪ್ಪ, ಕಣ್ಣು ಹಾಯಿಸದೆ ಬೆರಳಿಗೇ ಸಾವಿರ ಆಯಿತೆಂದು ಗೊತ್ತಾಗಲಿ ಅಂತ. ಮಾಲೆ ಒಂದು ಸುತ್ತು ಬಂದರೆ 10,000 ಹೆಜ್ಜೆ, ಅಂದರೆ ಐದು ಮೈಲಿ. ಈ "2,000 ಹೆಜ್ಜೆಗೆ ಒಂದು ಮೈಲಿ" ಲೆಕ್ಕ ಕೂಡಬೇಕಾದರೆ ಹೆಜ್ಜೆ 31.68 ಇಂಚು ಇರಬೇಕು. ಹಾಗಾಗಿ ನನ್ನ ಮತ 31.5ಕ್ಕೆ. ಅದರಲ್ಲಿ 25 ಲಕ್ಷ ಹೆಜ್ಜೆಗೆ 1,243 ಮೈಲಿ. 25 ಲಕ್ಷ, 1,200 ಎರಡೂ ದುಂಡು ಸಂಖ್ಯೆಗಳು, ಉಳಿದ 43ಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಡೆಹ್ರಾಡೂನಿನ ಸರ್ವೇ ಕಚೇರಿಯಲ್ಲಿ ಒಂದೇ ಅಳತೆಯ ಹೆಜ್ಜೆ ಹಾಕಲು ಎಷ್ಟೇ ತಾಲೀಮು ಮಾಡಿಸಿದರೂ ಏರಿನಲ್ಲಿ, ಹಿಮದಲ್ಲಿ ಹೆಜ್ಜೆ ಗಿಡ್ಡವಾಗುತ್ತೆ. ಅದನ್ನು ಸರಿಪಡಿಸಲು ಅಕ್ಷಾಂಶ ಬೇಕು. ಎರಡು ಊರಿನ ಅಕ್ಷಾಂಶ ಗೊತ್ತಿದ್ದರೆ ಉತ್ತರ–ದಕ್ಷಿಣ ಅಂತರ ಸಿಗುತ್ತೆ (ಒಂದು ಡಿಗ್ರಿಗೆ ಸುಮಾರು 69 ಮೈಲಿ), ಅದಕ್ಕೆ ಹೆಜ್ಜೆ ಲೆಕ್ಕವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ತೊಡಕಿರುವುದು ತ್ಸಾಂಗ್ಪೋ (ಟಿಬೆಟ್ಟಿನಲ್ಲಿ ಬ್ರಹ್ಮಪುತ್ರದ ಹೆಸರು) ಕಣಿವೆಯಲ್ಲಿ. ಆ ದಾರಿ ಹೆಚ್ಚುಕಮ್ಮಿ ಪೂರ್ವ–ಪಶ್ಚಿಮ, ಅಲ್ಲಿ ಅಕ್ಷಾಂಶ ಕೈ ಕೊಡುತ್ತೆ. ಸರ್ವೇ ಅಧಿಕಾರಿ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಅಡಿಗೆರೆ (ನಕ್ಷೆಗೆ ಆಧಾರವಾಗಿ ನೆಲದ ಮೇಲೆ ಅಳೆಯುವ ಮೊದಲ ಗೆರೆ) ಅಳೆದ ಹಾಗೆ ಅಳತೆಯ ಸರಪಳಿ ಎಳೆಯೋಣ ಅಂದರೆ, ವ್ಯಾಪಾರಿ ವೇಷದಲ್ಲಿ ಬಂದವನ ಕೈಯಲ್ಲಿ ಸರಪಳಿ ಕಂಡರೆ ಕಥೆ ಮುಗಿಯಿತು.

ಪಾದರಸ:
ಎತ್ತರದ ವಿಷಯ ನಾನು ಹೇಳ್ತೀನಿ. ಅವರು ಬಳಸಿದ್ದು ನೀರು ಕುದಿಯುವ ಉಷ್ಣತೆ. ಸಮುದ್ರಮಟ್ಟದಲ್ಲಿ 212 ಡಿಗ್ರಿ ಫ್ಯಾರನ್‌ಹೀಟ್, ಲ್ಹಾಸಾದಲ್ಲಿ ಸುಮಾರು 190. ಒಂದು ಡಿಗ್ರಿ ಇಳಿದರೆ ಐನೂರು ಅಡಿಗಿಂತ ಸ್ವಲ್ಪ ಹೆಚ್ಚು ಏರಿದ ಹಾಗೆ. ಅಂದರೆ ನೀವು ಹೇಳುವ 300 ಅಡಿ ತಪ್ಪು ಥರ್ಮಾಮೀಟರಿನಲ್ಲಿ ಬರೀ ಅರ್ಧ ಡಿಗ್ರಿ ಚಿಲ್ಲರೆ. ಗಾಜಿನ ಕಡ್ಡಿಯ ಗುರುತು ಅಷ್ಟು ಸರಿದಿದ್ದರೂ ಸಾಕು, ಆ ದಿನದ ಗಾಳಿಯ ಒತ್ತಡ ಏರುಪೇರಾದರೂ ಸಾಕು. ಆ ಸಾಧನಕ್ಕೆ ಇದು ಒಳ್ಳೆಯ ಫಲಿತಾಂಶವೇ.

ಅಕ್ಷಾಂಶಕ್ಕೆ ಇದ್ದದ್ದು ಪೆಟ್ಟಿಗೆಯ ಕಳ್ಳತಳದಲ್ಲಿ ಅಡಗಿಸಿದ ಸೆಕ್ಸ್‌ಟೆಂಟ್, ಅಂದರೆ ದಿಗಂತದಿಂದ ಸೂರ್ಯ, ನಕ್ಷತ್ರಗಳವರೆಗಿನ ಕೋನ ಅಳೆಯುವ ಸಾಧನ. ಬೆಟ್ಟದ ಸೀಮೆಯಲ್ಲಿ ಸಮುದ್ರದ ದಿಗಂತ ಎಲ್ಲಿಂದ ಬರಬೇಕು? ಅದಕ್ಕೇ ಪಾದರಸ. ಕವಡೆಯಲ್ಲಿ ತುಂಬಿ ಮೇಣದಿಂದ ಬಾಯಿ ಮುಚ್ಚಿ ಒಯ್ದಿದ್ದರು. ರಾತ್ರಿ ಅದನ್ನು ಬಟ್ಟಲಿಗೆ ಸುರಿದರೆ ಮಟ್ಟಸವಾದ ಕನ್ನಡಿ. ಆಕಾಶದ ನಕ್ಷತ್ರಕ್ಕೂ ಪಾದರಸದಲ್ಲಿ ಕಾಣುವ ಅದರ ಬಿಂಬಕ್ಕೂ ನಡುವಿನ ಕೋನ ಅಳೆದು ಅರ್ಧ ಮಾಡಿದರೆ ದಿಗಂತದಿಂದ ನಕ್ಷತ್ರದ ಎತ್ತರ, ಅದರಿಂದ ಅಕ್ಷಾಂಶ. ಗಾಳಿ ಬೀಸಿದರೆ ಬಿಂಬ ನಡುಗುತ್ತೆ, ಆಗ ಅಳತೆ ಕೆಟ್ಟಿತು. ಇನ್ನೊಂದು ಮಿತಿ: ಸೆಕ್ಸ್‌ಟೆಂಟ್ ಸುಮಾರು 120 ಡಿಗ್ರಿಯವರೆಗೆ ಅಳೆಯುತ್ತೆ, ಇಮ್ಮಡಿ ಕೋನವಾದ್ದರಿಂದ 60 ಡಿಗ್ರಿಗಿಂತ ಮೇಲಿರುವುದು ಸಿಗುವುದಿಲ್ಲ. ಲ್ಹಾಸಾ ತಲುಪಿದ ಜನವರಿಯಲ್ಲಿ ಮಧ್ಯಾಹ್ನದ ಸೂರ್ಯ 38–39 ಡಿಗ್ರಿಯಲ್ಲಿ, ಸುಲಭ. ಮಾರ್ಚ್ ಕೊನೆಗೆ ಸೂರ್ಯ ಕೈತಪ್ಪುತ್ತಾನೆ, ಆಮೇಲೆ ನಕ್ಷತ್ರಗಳೇ ಗತಿ. ಅವರಿಗೆ ಸಿಕ್ಕಿದ ಅಕ್ಷಾಂಶ 29 ಡಿಗ್ರಿ 39 ಮಿನಿಟ್ 17 ಸೆಕೆಂಡ್. ಒಂದು ಮಿನಿಟ್ ತಪ್ಪಿದ್ದರೂ ಒಂದೂಕಾಲು ಮೈಲಿಯೊಳಗೇ ಇರುತ್ತಿತ್ತು.

ನಕ್ಷೆಹುಚ್ಚು:
ಕೈಗಡಿಯಾರ ಇತ್ತಲ್ಲ ಸರ್, ರೇಖಾಂಶವನ್ನೂ ಅದರಲ್ಲೇ ತೆಗೆಯಬಹುದಿತ್ತಲ್ಲ?

ಪಾದರಸ:
ಕೈಗಡಿಯಾರ ಅಲ್ಲ, ಜೇಬುಗಡಿಯಾರ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತೆ. ಆ ಅಕ್ಷಾಂಶದಲ್ಲಿ ಗಡಿಯಾರ ಒಂದು ನಿಮಿಷ ತಪ್ಪಿದರೆ ಊರು 15 ಮೈಲಿ ಸರಿಯುತ್ತೆ. ಚಳಿಯಲ್ಲಿ ತಿಂಗಳುಗಟ್ಟಲೆ ಕುಲುಕಾಡಿದ ಗಡಿಯಾರ ಒಂದು ನಿಮಿಷಕ್ಕೇ ನಿಂತೀತೇ? ಅದಕ್ಕಿಂತ ಹೆಜ್ಜೆ, ದಿಕ್ಸೂಚಿ ಎರಡೇ ನಂಬಿಕಸ್ತ.

ಹಳೇಕಡತ:
ದಿನಚರಿ ಓದುವಾಗ ಒಂದು ಎಚ್ಚರ. ಟಿಪ್ಪಣಿಗಳು ದಾರಿಯಲ್ಲಿ ಇದ್ದದ್ದು ಪ್ರಾರ್ಥನಾ ಚಕ್ರದೊಳಗೆ, ಮಂತ್ರದ ಸುರುಳಿ ಇರಬೇಕಾದ ಜಾಗದಲ್ಲಿ. ಯಾರಾದರೂ ಹತ್ತಿರ ಬಂದರೆ ಚಕ್ರ ತಿರುಗಿಸುತ್ತಾ ಜಪ ಮಾಡುವುದು, ಜಪದಲ್ಲಿರುವವರನ್ನು ಯಾರೂ ಮಾತಾಡಿಸುವುದಿಲ್ಲ, ಎಣಿಕೆಯೂ ತಪ್ಪುವುದಿಲ್ಲ. ಆದರೆ 1868ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು ಸರ್ವೇ ಅಧಿಕಾರಿ ಮಾಂಟ್‌ಗೊಮರಿ ತಿದ್ದಿ ಜೋಡಿಸಿದ ಇಂಗ್ಲಿಷ್ ವರದಿ. ಅದರಲ್ಲಿ ನಡೆದವರಿಗೆ ಹೆಸರಿಲ್ಲ, ಬರೀ "ಪಂಡಿತ". ಮುಂದಿನ ಪಯಣಗಳಿಗೆ ಅಪಾಯವಾಗಬಾರದೆಂದು ಹಾಗೆ ಮಾಡಿದ್ದು. ಹಾಗಾಗಿ ಆ ವರದಿಯಲ್ಲಿ ದೂರ ನೋಡುವಾಗ, ಅದು ದಾರಿಯಲ್ಲಿ ಎಣಿಸಿದ್ದೋ, ಆಮೇಲೆ ಕಚೇರಿಯಲ್ಲಿ ಸರಿಹೊಂದಿಸಿದ್ದೋ ಅಂತ ಮೊದಲು ಬೇರ್ಪಡಿಸಿಕೊಳ್ಳಿ. ಎರಡನ್ನೂ ಬೆರೆಸಿ ಗುಣಿಸಿದರೆ ನಿಮ್ಮ ನೂರು ಮೈಲಿ ಮತ್ತೆ ಕಳೆದುಹೋಗುತ್ತೆ.